ಮಲ್ಲೇಶ್ವರದ ಹೊಸ ಮನೆಗೆ ಯಾವ ಬಣ್ಣ? ಒಂದು ವರ್ಷ ಗೋಡೆ ಮೇಲೆ ಹಚ್ಚಿ ನೋಡಿದ ಹೋಲಿಕೆ

ಅಜ್ಜ ಕಟ್ಟಿಸಿದ ಮನೆಯನ್ನು ಕೆಡವಲು ನಮಗ್ಯಾರಿಗೂ ಮನಸ್ಸಿರಲಿಲ್ಲ. ಆದರೆ ಜಂತೆಗೆ ಗೆದ್ದಲು ಹಿಡಿದಿತ್ತು. ಮಂಗಳೂರು ಹೆಂಚಿನ ಸೂರು ಒಂದು ಕಡೆ ಕೂರತೊಡಗಿತ್ತು. ಮಾರ್ಗೋಸಾ ರಸ್ತೆಗೆ ಹತ್ತಿರದ ಒಂದು ಕ್ರಾಸಿನಲ್ಲಿದ್ದ ಮನೆ ಅದು. ಹಳದಿ ಸುಣ್ಣದ ಗೋಡೆ, ಹಸಿರು ಕಿಟಕಿ, ಮುಂದೆ ಕಿಟಕಿಗೆ ನೆರಳಾಗುವ ಮರದ ಪಟ್ಟಿಗಳ ಚಾಚು, ಅಂದರೆ ಮಂಕಿ ಟಾಪ್, ಒಳಗೆ ರೆಡ್ ಆಕ್ಸೈಡ್ ನೆಲ. ಅದೇ ಜಾಗದಲ್ಲಿ ಈಗ ಮೂರು ಅಂತಸ್ತಿನ ಮನೆ ಇದೆ. ಕೆಳಗೆ ಅಮ್ಮ, ನಡುವೆ ಅಣ್ಣ ಅತ್ತಿಗೆ, ಮೇಲೆ ನಾವು.

ಬೀದಿಯೂ ಬದಲಾಗಿದೆ. 1898ರ ಪ್ಲೇಗ್ ಆದ ಮೇಲೆ, ಗಾಳಿ ಬೆಳಕು ಚೆನ್ನಾಗಿರಲಿ ಅಂತ ಬೆಳೆಸಿದ ಬಡಾವಣೆ ಮಲ್ಲೇಶ್ವರ. ಮನೆ ಸುತ್ತ ಜಾಗ, ಹಿಂದೆ ಕಸ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಓಣಿ, ಮುಂದೆ ಮರ. 2014ರಲ್ಲಿ ಸಂಪಿಗೆ ರಸ್ತೆಗೆ ಮೆಟ್ರೊ ಬಂತು. ಕಸ ತುಂಬಿದ್ದ ಕೆಲವು ಓಣಿಗಳನ್ನು ಜನ ಸೇರಿ ಚೊಕ್ಕ ಮಾಡಿ, ಗೋಡೆಗಳಿಗೆ ಚಿತ್ರ ಬರೆದರು. ಊರಿನ ಬೇರೆ ಕಡೆಯಿಂದ ಜನ ಈಗ ಇಲ್ಲಿ ಸುಮ್ನೆ ನಡೆದಾಡಲು ಬರುತ್ತಾರೆ. ಇದೆಲ್ಲ ನನಗೆ ಖುಷಿ. ಆದರೆ ಹಳೆ ಮನೆಗಳು ಹೋಗಿ ಬಂದ ಹೊಸ ಕಟ್ಟಡಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದಿಷ್ಟು ಕಡು ಬೂದು, ಒಂದಿಷ್ಟು ಕಣ್ಣಿಗೆ ಚುಚ್ಚುವ ಕಿತ್ತಳೆ, ಮಿಕ್ಕವು ಗಾಜು. ಎರಡು ಮಳೆಗಾಲ ಕಳೆದರೆ ಎಲ್ಲದರ ಮೇಲೂ ಕಪ್ಪು ಗೆರೆ.

ನಮ್ಮ ಮನೆ ಹಾಗಾಗಬಾರದು ಅಂತ ನಾನು ಅಣ್ಣನಿಗೆ ಒಂದು ಮಾತು ಹೇಳಿದೆ. ಎಲಿವೇಶನ್, ಅಂದರೆ ಮನೆ ಮುಂಭಾಗದ ವಿನ್ಯಾಸ ಮಾಡಿಕೊಟ್ಟವರು ಕಂಪ್ಯೂಟರ್‌ನಲ್ಲಿ ತೋರಿಸಿದ ಚಿತ್ರ ನೋಡಿ ಬಣ್ಣ ಗೊತ್ತು ಮಾಡುವುದು ಬೇಡ. ಆ ಚಿತ್ರದಲ್ಲಿ ನಮ್ಮ ಹೊಂಗೆ ಮರವೂ ಇರಲಿಲ್ಲ, ಮಳೆಯೂ ಇರಲಿಲ್ಲ. ಮೆಟ್ಟಿಲಿನ ಕಡೆಯ ಗೋಡೆ ಪಡುವಣಕ್ಕಿದೆ. ಮಧ್ಯಾಹ್ನದ ಬಿಸಿಲು ಪೂರ್ತಿ ಅಲ್ಲೇ ಬೀಳುತ್ತದೆ. ಆ ಗೋಡೆ ಮೇಲೆ ಮೂರು ಮೂರು ಅಡಿ ಅಗಲದ ಪಟ್ಟಿಗಳನ್ನು ಹಚ್ಚೋಣ, ಒಂದು ವರ್ಷ ನೋಡೋಣ ಅಂದೆ. ಅಣ್ಣ ಒಪ್ಪಿದ. ಅಷ್ಟು ದಿನ ಒಳಗಿನ ಕೆಲಸ ಹೇಗೂ ಇತ್ತು.

ಮೊದಲು ಎಲ್ಲರೂ ಬಳಸುವ ಎಕ್ಸ್‌ಟೀರಿಯರ್ ಎಮಲ್ಷನ್, ಅಂದರೆ ನೀರು ಬೆರೆಸಿ ಹಚ್ಚುವ ಹೊರಗೋಡೆಯ ಬಣ್ಣ. ಮಾವಿನ ಹಣ್ಣಿನ ಹಳದಿ, ಇಟ್ಟಿಗೆ ಕೆಂಪು, ಕಡು ಬೂದು ಮೂರನ್ನೂ ಹಚ್ಚಿಸಿದೆವು. ಮೊದಲ ಸಲ ಹಚ್ಚಿದ್ದು ಪೂರ್ತಿ ಹಾಳಾಯಿತು. ಕೆಲಸ ಹಿಡಿದಿದ್ದವರು ಪ್ಲಾಸ್ಟರ್ ಆಗಿ ಹತ್ತೇ ದಿನಕ್ಕೆ ಪ್ರೈಮರ್ ಹೊಡೆಸಿಬಿಟ್ಟರು. ತಿಂಗಳೊಳಗೆ ಗುಳ್ಳೆ ಎದ್ದವು, ಉಪ್ಪು ಹೊರಗೆ ಬಂತು. ಹೊಸ ಸಿಮೆಂಟ್ ಗೋಡೆಯಲ್ಲಿ ನೀರೂ ಇರುತ್ತದೆ, ಕ್ಷಾರವೂ ಇರುತ್ತದೆ. ಅದು ಆರಲು ಕಡಿಮೆ ಅಂದರೂ 28 ದಿನ ಬೇಕು. ಎಷ್ಟೇ ಅವಸರ ಇದ್ದರೂ ಈ ದಿನಗಳನ್ನು ಬಿಟ್ಟುಕೊಡಬೇಡಿ. ನಾವು ಎಲ್ಲ ಕೆರೆದು ಮತ್ತೆ ಹಚ್ಚಿಸಬೇಕಾಯಿತು.

ಎರಡನೇ ಸಲ ಹಚ್ಚಿದಾಗ ತಿಳಿದದ್ದು ಶೇಡ್ ಕಾರ್ಡಿನ ವಿಷಯ. ಕಾರ್ಡಿನಲ್ಲಿ ಬೆರಳಗಲ ಕಂಡ ಬಣ್ಣ ಗೋಡೆ ಮೇಲೆ ಬಂದಾಗ ತುಂಬಾ ಗಾಢವಾಗಿ ಕಾಣುತ್ತದೆ. ಕಾರ್ಡಿನಲ್ಲಿ ಹಿತವಾಗಿದ್ದ ಮಾವಿನ ಹಳದಿ ಗೋಡೆ ಮೇಲೆ ಕೂಗುತ್ತಿತ್ತು. ಅಮ್ಮ ಗೇಟಿನಿಂದ ನೋಡಿ, "ಇದೇನೇ, ನಮ್ಮನೆ ಮುಂದೆ ಬಸ್ಸು ನಿಂತ ಹಾಗಿದೆ" ಅಂದರು. ಅವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಇದೇ. ಕಾರ್ಡಿನಲ್ಲಿ ನಿಮಗೆ ಇಷ್ಟವಾದ ಬಣ್ಣಕ್ಕಿಂತ ಎರಡು ಮೆಟ್ಟಿಲು ಮಂಕಾದದ್ದನ್ನು ಆರಿಸಿ, ಅದನ್ನೂ ಗೋಡೆ ಮೇಲೆ ಹಚ್ಚಿಸಿ ನೋಡಿ.

ಒಂದು ವರ್ಷದಲ್ಲಿ ಮೂರೂ ಬೇರೆ ಬೇರೆ ದಾರಿ ಹಿಡಿದವು. ಹಳದಿ ಬಿಸಿಲಿಗೆ ಎದ್ದು ಕಾಣುವಷ್ಟು ಮಾಸಿತು. ಸಜ್ಜಾ ನೆರಳಲ್ಲಿದ್ದ ಭಾಗಕ್ಕೂ ಬಿಸಿಲಿಗೆ ಸಿಕ್ಕ ಭಾಗಕ್ಕೂ ನಡುವೆ ಗೆರೆಯೇ ಮೂಡಿತ್ತು. ಬೂದು ಮಾಸಲಿಲ್ಲ. ಆದರೆ ಊರಿನ ಧೂಳು, ನೀರಿಳಿದ ಕಲೆ, ಉಪ್ಪಿನ ಬಿಳಿ ಪೊರೆ ಎಲ್ಲವೂ ಅದರ ಮೇಲೆ ಎದ್ದು ಕಂಡವು. ಮಧ್ಯಾಹ್ನ ಮೂರು ಗಂಟೆಗೆ ಮುಟ್ಟಿದರೆ ಅಂಗೈ ಇಡಲು ಆಗುತ್ತಿರಲಿಲ್ಲ. ಪಕ್ಕದ ತಿಳಿ ಬಣ್ಣದ ಗೋಡೆ ಬೆಚ್ಚಗಿತ್ತು ಅಷ್ಟೇ. ಕಡು ಬಣ್ಣ ಬಿಸಿಲನ್ನು ಹೀರುತ್ತದೆ, ಆ ಕಾವು ರಾತ್ರಿ ಒಳಗಿನ ಕೋಣೆಗೆ ಇಳಿಯುತ್ತದೆ. ಪಡುವಣ ಗೋಡೆಗೆ ಕಡು ಬೂದು ಹಚ್ಚಿ, ಒಳಗೆ ಎಸಿ ಹಾಕಿಸುವುದು ಯಾವ ಲೆಕ್ಕ?

ಇಟ್ಟಿಗೆ ಕೆಂಪು ಹೆಚ್ಚುಕಡಿಮೆ ಹಚ್ಚಿದ ದಿನದ ಹಾಗೇ ಉಳಿಯಿತು. ಅದಕ್ಕೆ ಕಾರಣವಿದೆ. ಇಟ್ಟಿಗೆ ಕೆಂಪು, ಕಾವಿ, ಮಣ್ಣಿನ ಹಳದಿ ಇವೆಲ್ಲ ಕಬ್ಬಿಣದ ಆಕ್ಸೈಡಿನ ಬಣ್ಣಗಳು. ಅವು ಮೊದಲೇ ತುಕ್ಕು, ಬಿಸಿಲು ಇನ್ನೇನು ಮಾಡೀತು? ಮಿರುಗುವ ಹಳದಿ, ಕಿತ್ತಳೆ, ಗುಲಾಬಿ, ನೇರಳೆ ಶೇಡುಗಳಲ್ಲಿ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಾದ ಸಾವಯವ (ಇಂಗಾಲದ ಸಂಯುಕ್ತಗಳ) ಬಣ್ಣಪುಡಿ ಇರುತ್ತದೆ. ಅದರಲ್ಲಿ ಹಲವು ಬಿಸಿಲಿಗೆ ಬೇಗ ಸೋಲುತ್ತವೆ. ಅಂಗಡಿಯಲ್ಲಿ "ಈ ಶೇಡು ಆಕ್ಸೈಡಿನದಾ?" ಅಂತ ಕೇಳಿ. ಮಷೀನಿನಲ್ಲಿ ಬೆರೆಸುವ ಹುಡುಗರಿಗೆ ಯಾವ ಡಬ್ಬಿಯಿಂದ ಎಷ್ಟು ಬೀಳುತ್ತದೆ ಅನ್ನೋದು ಗೊತ್ತಿರುತ್ತದೆ. ಬೆಂಗಳೂರಿನ ಹಳೆ ಕಟ್ಟಡಗಳಲ್ಲಿ ಕಣ್ಣಿಗೆ ತಂಪಾದ ಬಣ್ಣ ಯಾವುದು ಅಂತ ನೆನಪು ಮಾಡಿಕೊಳ್ಳಿ. ಹೈಕೋರ್ಟ್ ಇರುವ ಅಠಾರಾ ಕಚೇರಿ, ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಲೈಬ್ರರಿ. ಎರಡೂ ಕೆಂಪು, ಸುತ್ತ ಮರದ ಹಸಿರು. ನಮ್ಮ ಪಟ್ಟಿಯ ಮುಂದೆ ಹೊಂಗೆ ಚಿಗುರಿದ ದಿನ ಅದೇ ಜೋಡಿ ನಮ್ಮ ಗೋಡೆ ಮೇಲೂ ಕಾಣಿಸಿತು. ನಾನು ಕಾಫಿ ಲೋಟ ಹಿಡಿದು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ.

ಇನ್ನು ಸುಣ್ಣ. ಮನಸ್ಸು ಮೊದಲಿಂದ ಇದರ ಕಡೆಗೇ ಇತ್ತು. ಹರಳು ಸುಣ್ಣ ತಂದು ನೀರಲ್ಲಿ ಅರಳಿಸಿ, ವಾರಗಟ್ಟಲೆ ನೆನೆಸಿಟ್ಟೆವು. ಬಟ್ಟೆಯಲ್ಲಿ ಸೋಸಿ, ಅಂಟು ಮತ್ತು ಒಂದು ಹಿಡಿ ಉಪ್ಪು ಬೆರೆಸಿ, ಹಳದಿ ಮಣ್ಣಿನ ಬಣ್ಣ ಕಲಸಿದೆವು. ವಯಸ್ಸಾದ ಒಬ್ಬ ಮೇಸ್ತ್ರಿ ಬಂದು ಹೇಳಿಕೊಟ್ಟರು. "ಅಕ್ಕಾ, ಗೋಡೆ ಮೊದಲು ನೆನೆಯಬೇಕು. ಸುಣ್ಣ ಹಾಲಿನ ಹಾಗಿರಬೇಕು, ಮೊಸರಿನ ಹಾಗಲ್ಲ. ದಪ್ಪ ಹೊಡೆದರೆ ಹಪ್ಪಳ ಎದ್ದ ಹಾಗೆ ಏಳುತ್ತೆ." ತೆಂಗಿನ ನಾರಿನ ಕುಂಚದಲ್ಲಿ ಮೂರು ಸಲ ತೆಳ್ಳಗೆ ಹೊಡೆದೆವು.

ಆ ಗೋಡೆಯ ಚೆಂದವನ್ನು ಹೇಳಲು ನನಗೆ ಮಾತು ಸಾಲದು. ಸಂಜೆ ಐದೂವರೆಗೆ ಬಿಸಿಲು ಓರೆಯಾದಾಗ ಅದು ಒಳಗಿನಿಂದ ಬೆಳಗಿದ ಹಾಗೆ ಕಾಣುತ್ತದೆ. ಎಮಲ್ಷನ್ ಒಂದು ಹೊದಿಕೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಗೋಡೆಯ ಒದ್ದೆಯನ್ನು ಹೊರಗೆ ಬಿಡುತ್ತದೆ, ಗುಳ್ಳೆ ಬರುವುದಿಲ್ಲ. ರಾತ್ರಿ ಬೀದಿಯ ಎಲ್‌ಇಡಿ ದೀಪಕ್ಕೆ ಕೆಂಪು ಪಟ್ಟಿ ಕಂದಾಗಿ ಸತ್ತ ಹಾಗೆ ಕಂಡರೆ, ಸುಣ್ಣದ ಹಳದಿ ಆಗಲೂ ಹಿತವಾಗಿಯೇ ಇತ್ತು.

ಆದರೆ ಮಳೆ ಬಂತು. ಬೆಂಗಳೂರಿನಲ್ಲಿ ಜೋರು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಎರಡು ತಿಂಗಳಲ್ಲಿ ಸಜ್ಜಾ ಇಲ್ಲದ ಕಡೆ ಬಣ್ಣ ಇಳಿದು ಸಿಮೆಂಟ್ ಕಾಣಿಸಿತು. ಸುಣ್ಣಕ್ಕೆ ಸುಣ್ಣದ ಗಾರೆಯೇ ಸರಿಯಾದ ಜೊತೆ. ನುಣ್ಣಗಿನ ಸಿಮೆಂಟ್ ಪ್ಲಾಸ್ಟರ್ ಮೇಲೆ ಅದಕ್ಕೆ ಹಿಡಿತ ಕಮ್ಮಿ. ಒರಗಿದವರ ಬಟ್ಟೆಗೂ ಅಂಟುತ್ತದೆ. ಒಂದು ಅಂತಸ್ತಿನ ಮನೆಗೆ ವರ್ಷಕ್ಕೊಮ್ಮೆ ಹಬ್ಬಕ್ಕೆ ಮೊದಲು ಹೊಡೆಯಬಹುದು. ಅಜ್ಜನ ಕಾಲದಲ್ಲಿ ನಡೆದದ್ದೂ ಹಾಗೇ. ಮೂರು ಅಂತಸ್ತಿಗೆ ಪ್ರತಿ ವರ್ಷ ಸಾರವೆ ಕಟ್ಟಿಸುವವರು ಯಾರು? ಬೇಸರದಿಂದಲೇ ಅದನ್ನು ಹೊರಗೋಡೆಗೆ ಬೇಡ ಅಂದೆ.

ಮೂರನೆಯದು ಪ್ಲಾಸ್ಟರ್ ಇಲ್ಲದ ಗೋಡೆ. ಕಾಂಪೌಂಡಿನ ಒಂದು ಮೂಲೆಯಲ್ಲಿ ಎರಡು ತುಂಡು ಕಟ್ಟಿಸಿದೆವು. ಒಂದು ಮಾಲೂರಿನ ವೈರ್‌ಕಟ್ (ಹಸಿ ಮಣ್ಣನ್ನು ತಂತಿಯಿಂದ ಕತ್ತರಿಸಿ ಸುಟ್ಟ) ಇಟ್ಟಿಗೆ, ಇನ್ನೊಂದು ಒತ್ತಿ ಮಾಡಿದ ಮಣ್ಣಿನ ಬ್ಲಾಕು. ಮಣ್ಣಿನ ಬ್ಲಾಕಿಗೂ ನಮ್ಮ ಬಡಾವಣೆಗೂ ನೆಂಟಸ್ತಿಕೆ ಇದೆ. ಪಕ್ಕದ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ಶುರು ಮಾಡಿದ ಅಸ್ತ್ರ ಕೇಂದ್ರದವರು ಇದರ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಮಷೀನಿನಲ್ಲಿ ಒತ್ತುತ್ತಾರೆ. ಸುಡುವುದಿಲ್ಲ, ಆದ್ದರಿಂದ ಸೌದೆಯೂ ಬೇಡ, ಹೊಗೆಯೂ ಇಲ್ಲ.

ನೋಡಲು ಮಣ್ಣಿನ ಬ್ಲಾಕು ನನಗೆ ಹೆಚ್ಚು ಇಷ್ಟ. ಒಂದೊಂದು ಬ್ಲಾಕೂ ಸ್ವಲ್ಪ ಬೇರೆ ಬಣ್ಣ, ಗೋಡೆ ಪೂರ್ತಿ ಜೀವ ಇದ್ದ ಹಾಗಿರುತ್ತದೆ. ಆದರೆ ಬುಡದ ಎರಡು ಸಾಲು ಮಳೆ ನೀರು ಸಿಡಿದು ಒರಟಾದವು. ವೈರ್‌ಕಟ್ ಇಟ್ಟಿಗೆಗೆ ಏನೂ ಆಗಲಿಲ್ಲ, ಬುಡದಲ್ಲಿ ಸ್ವಲ್ಪ ಪಾಚಿ ಕಟ್ಟಿತು ಅಷ್ಟೇ. ಎರಡಕ್ಕೂ ಬಣ್ಣದ ಖರ್ಚಿಲ್ಲ. ಖರ್ಚು ಬರುವುದು ಕೂಲಿಯಲ್ಲಿ. ತಪ್ಪು ಮುಚ್ಚಲು ಪ್ಲಾಸ್ಟರ್ ಇರುವುದಿಲ್ಲವಲ್ಲ, ಹಾಗಾಗಿ ಕಟ್ಟುವವರ ಕೈ ನಿಧಾನ ಇರಬೇಕು, ಇಟ್ಟಿಗೆ ಸಂದಿಗೆ ಗಾರೆ ತುಂಬುವ ಪಾಯಿಂಟಿಂಗ್ ನೇರ ಇರಬೇಕು, ಕರೆಂಟಿನ ಪೈಪು ಎಲ್ಲಿ ಹೋಗಬೇಕು ಅಂತ ಮೊದಲೇ ಗೊತ್ತಿರಬೇಕು.

ಎಸಿಪಿ ಶೀಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್ ತಿರುಳು. ಒಂದು ತುಂಡು ತಂದು ಗೋಡೆಗೆ ಹೊಡೆಸಿ ನೋಡಿದೆವು. ಬಣ್ಣ ಮಾಸಲಿಲ್ಲ, ಒರೆಸಿದರೆ ಫಳಫಳ. ಆದರೆ ಬಿಸಿಲಿಗೆ ಟಕ್ ಟಕ್ ಅನ್ನುತ್ತಿತ್ತು, ಸಂದಿಯಲ್ಲಿ ಪಾರಿವಾಳ ಕಸ ತುಂಬಿತು. 2017ರ ಜೂನ್‌ನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ತೀರಿಕೊಂಡರು. ಅಲ್ಲಿ ಬೆಂಕಿ ಹೊರಗೋಡೆ ಹಿಡಿದು ಮೇಲಕ್ಕೆ ಓಡಲು ಮುಖ್ಯ ಕಾರಣ ಇಂಥದೇ ಪಾಲಿಥಿಲೀನ್ ತಿರುಳಿನ ಹೊದಿಕೆ. ಬೆಂಕಿ ತಡೆಯುವ ತಿರುಳಿನ ಶೀಟುಗಳೂ ಸಿಗುತ್ತವೆ ನಿಜ. ಆದರೂ ಅಮ್ಮ ಮಲಗುವ ಮನೆಗೆ ಅದು ಬೇಡ ಅನ್ನಿಸಿತು.

ಬುಡಕ್ಕೆ ಸಾದರಹಳ್ಳಿ ಕಲ್ಲು. ಇದರಲ್ಲಿ ಹೋಲಿಸಲು ಏನೂ ಉಳಿಯಲಿಲ್ಲ. ಮೂರು ಅಡಿ ಎತ್ತರ ಹಾಕಿಸಿ, ಕೆಸರು ಸಿಡಿದರೂ ಒಂದು ಬಕೆಟ್ ನೀರಿಗೆ ಹೋಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಸಜ್ಜಾ. ಎಲ್ಲ ಪಟ್ಟಿಗಳ ಮೇಲ್ಭಾಗವೂ ಎರಡಡಿ ಸಜ್ಜಾದ ಕೆಳಗಿತ್ತು. ಅಷ್ಟು ಭಾಗದಲ್ಲಿ ಮಾವಿನ ಹಳದಿಯೂ ಚೆನ್ನಾಗಿತ್ತು, ಸುಣ್ಣವೂ ಉಳಿದಿತ್ತು. ನಮ್ಮ ಕ್ರಾಸಿನಲ್ಲೇ ಒಂದೇ ವರ್ಷ ಮುಗಿದ ಎರಡು ಕಟ್ಟಡಗಳಿವೆ. ಒಂದಕ್ಕೆ ದುಬಾರಿ ಬಣ್ಣ, ಆದರೆ ಪೆಟ್ಟಿಗೆಯ ಹಾಗೆ ನೇರ ಗೋಡೆ, ಸಜ್ಜಾ ಇಲ್ಲ, ಕಿಟಕಿ ಕೆಳಗೆ ನೀರು ಹೊರಗೆ ತೊಟ್ಟಿಕ್ಕಲು ಗೆರೆಯೂ ಇಲ್ಲ. ಪ್ರತಿ ಕಿಟಕಿಯ ಎರಡೂ ಮೂಲೆಯಿಂದ ಕಪ್ಪು ನೀರು ಇಳಿದು, ಕಟ್ಟಡ ಅತ್ತ ಹಾಗೆ ಕಾಣುತ್ತದೆ. ಇನ್ನೊಂದಕ್ಕೆ ಸಾಧಾರಣ ಕೆನೆ ಬಣ್ಣ, ಅಗಲ ಸಜ್ಜಾ, ಪ್ಯಾರಪೆಟ್ ಮೇಲೆ ಒಳಕ್ಕೆ ಇಳಿಜಾರು. ಅದು ಇವತ್ತಿಗೂ ಹೊಸದಾಗಿದೆ. ಹಳೆಯವರ ಮಂಕಿ ಟಾಪ್ ಮಾಡುತ್ತಿದ್ದದ್ದೂ ಇದೇ ಕೆಲಸ ಅಲ್ವಾ? ಕಿಟಕಿಗೆ ಬಿಸಿಲು ಮಳೆ ಬಡಿಯದ ಹಾಗೆ ಕಾಯುತ್ತಿತ್ತು. ಕೆಲವರು ಹೊಸ ಮನೆಗೆ ಅದನ್ನೇ ಅಂದಕ್ಕೆ ಅಂತ ಚಪ್ಪಟೆಯಾಗಿ ಗೋಡೆಗೆ ಅಂಟಿಸುತ್ತಾರೆ. ನೆರಳೇ ಕೊಡದ ಮಂಕಿ ಟಾಪ್ ನನಗೆ ಬೇಡ.

ಕೊನೆಗೆ ನಾವು ಮಾಡಿದ್ದು ಹೀಗೆ. ಬುಡಕ್ಕೆ ಕಲ್ಲು. ಕೆಳಗಿನ ಅಂತಸ್ತಿನ ಮುಂಭಾಗಕ್ಕೆ ವೈರ್‌ಕಟ್ ಇಟ್ಟಿಗೆಯ ಹೊರಪದರ. ಮೇಲೆ ಎರಡೂ ಅಂತಸ್ತಿಗೆ ಅಜ್ಜನ ಕಾಲದ ಸುಣ್ಣಕ್ಕೆ ಹತ್ತಿರದ ಮಂಕು ಮಣ್ಣಿನ ಹಳದಿ, ಆಕ್ಸೈಡಿನ ಎಮಲ್ಷನ್. ಎಲ್ಲ ಕಿಟಕಿಗೂ ಎರಡೂವರೆ ಅಡಿ ಸಜ್ಜಾ, ಅಂಚಿನ ಕೆಳಗೆ ನೀರು ತಡೆಯುವ ಗೆರೆ. ಮಳೆ ಬೀಳದ ಜಗಲಿಯ ಗೋಡೆಗೆ ಮಾತ್ರ ನಿಜವಾದ ಸುಣ್ಣ, ಅದೂ ಸುಣ್ಣದ ಗಾರೆಯ ಮೇಲೆ. ಅಣ್ಣನಿಗೆ ಮೇಲೂ ಇಟ್ಟಿಗೆಯೇ ಬೇಕಿತ್ತು. ದುಡ್ಡು ಸಾಲಲಿಲ್ಲ.

ಉಳಿದದ್ದು ಕಿಟಕಿಯ ಹಸಿರು. ಹಳೆ ಮನೆಯ ಒಂದು ಕಿಟಕಿ ಬಾಗಿಲನ್ನು ಅಟ್ಟದಲ್ಲಿ ಇಟ್ಟಿದ್ದೆವು. ಬ್ಲೇಡಿನಿಂದ ಕೆರೆದರೆ ಮೇಲೆ ಬಿಳಿ, ಅದರ ಕೆಳಗೆ ತಿಳಿ ನೀಲಿ, ಎಲ್ಲಕ್ಕಿಂತ ಕೆಳಗೆ ಕಡು ಹಸಿರು ಸಿಕ್ಕಿತು. ಆ ತುಂಡನ್ನು ಅಂಗಡಿಗೆ ಒಯ್ದು ಮಷೀನಿಗೆ ಹಿಡಿಸಿ, ಅದೇ ಹಸಿರು ಮಾಡಿಸಿಕೊಂಡು ಬಂದೆವು. ಅಮ್ಮ ಮೊದಲ ಕಿಟಕಿಗೆ ತಾವೇ ಬ್ರಷ್ ಹಿಡಿದು ಒಂದು ಕೈ ಹೊಡೆದರು.

ಮೆಟ್ಟಿಲ ಗೋಡೆಯ ಪಟ್ಟಿಗಳನ್ನು ಇನ್ನೂ ಅಳಿಸಿಲ್ಲ. ಎದುರು ಮನೆಯವರು ಈಗ ಪಾಯ ತೆಗೆಸುತ್ತಿದ್ದಾರೆ. ಇನ್ನೊಂದು ಮಳೆಗಾಲ ನೋಡಿ ಬಣ್ಣ ಆರಿಸುತ್ತೇವೆ, ಅಲ್ಲಿ ತನಕ ಹಾಗೇ ಇರಲಿ ಅಂದಿದ್ದಾರೆ.