ಟೈಮರ್ ಲಾಕ್ ಡಬ್ಬಿ: ಒಂದು ಲೆಂಟ್ ಪೂರ್ತಿ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಡಬ್ಬಿ ಚೆನ್ನಾಗಿದೆ. ಐದರಲ್ಲಿ ಮೂರೂವರೆ ಸ್ಟಾರ್ ಕೊಡುತ್ತೇನೆ. ಆದರೆ ಇದನ್ನು ತಂದಿಟ್ಟ ಕೂಡಲೇ ಫೋನಿನ ಚಪಲ ಬಿಟ್ಟುಹೋಗುತ್ತದೆ ಅಂದುಕೊಂಡು ಕೊಳ್ಳುವವರು ಸ್ವಲ್ಪ ಪೂರ್ತಿ ಓದಿ. ನಾನೂ ಹಾಗೇ ಅಂದುಕೊಂಡು 1,499 ರೂಪಾಯಿ ಕೊಟ್ಟವನು.

ವಸ್ತು ಏನು ಅಂದರೆ, ಫೋನ್ ಒಳಗಿಟ್ಟು ಮುಚ್ಚುವ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದ ಮೇಲೆ ತಿರುಗಿಸುವ ಒಂದು ಗುಂಡಿ, ಅದರ ನಡುವೆ ಸಣ್ಣ ಡಿಸ್‌ಪ್ಲೇ. ಎಷ್ಟು ಗಂಟೆ ಬೇಕೋ ಅಷ್ಟಕ್ಕೆ ತಿರುಗಿಸಿ ಒತ್ತಿದರೆ ಐದರಿಂದ ಹಿಂದಕ್ಕೆ ಎಣಿಸುತ್ತದೆ. ಆ ಐದು ಸೆಕೆಂಡಿನೊಳಗೆ ಮನಸ್ಸು ಬದಲಾದರೆ ಇನ್ನೊಮ್ಮೆ ಒತ್ತಿ ನಿಲ್ಲಿಸಬಹುದು. ಆಮೇಲೆ ಒಳಗೆ ಟಕ್ ಅಂತ ಕೊಂಡಿ ಬೀಳುತ್ತದೆ, ಮುಗಿಯಿತು. ಪಾಸ್‌ವರ್ಡ್ ಇಲ್ಲ, ಬೀಗದಕೈ ಇಲ್ಲ, ಅತ್ತರೂ ತೆಗೆಯುವುದಿಲ್ಲ. ಕಂಪನಿ ಹೆಸರು ಹಾಕುತ್ತಿಲ್ಲ, ಇದೇ ಡಬ್ಬಿ ನಾಲ್ಕೈದು ಹೆಸರಿನಲ್ಲಿ ಸಿಗುತ್ತದೆ, ನೋಡಿದರೆ ಎಲ್ಲ ಒಂದೇ ಅಚ್ಚಿನವು.

ನಾವು ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕ್ರೈಸ್ತರು. ಈಸ್ಟರ್‌ಗೆ ಮುಂಚೆ ಲೆಂಟ್ ಅನ್ನುವ ಉಪವಾಸದ ಕಾಲ ಇರುತ್ತದೆ. ಬೂದಿ ಬುಧವಾರದಿಂದ ಎಣಿಸಿದರೆ 46 ದಿನ, 6 ಭಾನುವಾರ ಲೆಕ್ಕಕ್ಕಿಲ್ಲ, ಉಳಿದದ್ದು 40. ಯೇಸುಸ್ವಾಮಿ ಅಡವಿಯಲ್ಲಿ ಉಪವಾಸವಿದ್ದು ಶೋಧನೆಗೆ, ಅಂದರೆ ಸೈತಾನನ ಆಮಿಷಕ್ಕೆ, ಒಳಗಾದ 40 ದಿನದ ನೆನಪಿಗೆ. ಒಬ್ಬೊಬ್ಬರು ಒಂದೊಂದು ಬಿಡುತ್ತಾರೆ. ಅಮ್ಮ ಮೀನು ಬಿಡುತ್ತಾರೆ, ಮಂಗಳೂರಿನಲ್ಲಿ ಮೀನು ಬಿಡುವುದು ಅಂದರೆ ಏನು ಅಂತ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು 2025ರಲ್ಲಿ ರಾತ್ರಿ ಹೊತ್ತಿನ ಫೋನು ಬಿಡುತ್ತೇನೆ ಅಂದೆ. ರೀಲ್ಸ್ ನೋಡುತ್ತಾ ರಾತ್ರಿ ಒಂದು ಗಂಟೆಯಾಗುತ್ತಿತ್ತು. ಅದರ ಜೊತೆ ಇನ್ನೊಂದು ಚಟ ಸೇರಿಕೊಂಡಿತ್ತು, ಕ್ರಿಕೆಟ್ ಮ್ಯಾಚಿಗೆ ಆ್ಯಪ್‌ನಲ್ಲಿ ಹನ್ನೊಂದು ಆಟಗಾರರ ತಂಡ ಕಟ್ಟಿ 49 ರೂಪಾಯಿ ಹಾಕುವುದು. 49 ಏನು ದೊಡ್ಡ ಮೊತ್ತ ಅಲ್ವಾ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತಿದ್ದೆ.

ಶೋಧನೆ ಅನ್ನುವ ಮಾತು ಚರ್ಚಿನ ಹೊರಗೆ ಈ ಅರ್ಥದಲ್ಲಿ ಯಾರೂ ಬಳಸುವುದಿಲ್ಲ, ಹೊರಗೆ ಅದು ಹುಡುಕಾಟ. ಸಂಡೇಸ್ಕೂಲಿನಲ್ಲಿ "ನಮ್ಮನ್ನು ಶೋಧನೆಯೊಳಗೆ ಸೇರಿಸದೆ" ಅಂತ ಬಾಯಿಪಾಠ ಹೇಳುವಾಗ ನನಗೆ ಅದು ಯಾವುದೋ ಕೋಣೆ ಇರಬೇಕು ಅಂತ ಅನಿಸುತ್ತಿತ್ತು, ಅದರೊಳಗೆ ಸೇರಿಸಬೇಡ ಸ್ವಾಮಿ, ಬಾಗಿಲು ಹಾಕು ಅಂತ. ಡಬ್ಬಿ ಬಂದ ಮೇಲೆ ನನ್ನ ಬದಲು ಫೋನನ್ನು ಕೋಣೆಗೆ ಸೇರಿಸಿದೆ.

ಮೊದಲ ವಾರ ನಿಜಕ್ಕೂ ಸೊಗಸು. ರಾತ್ರಿ ಎಂಟಕ್ಕೆ ಗುಂಡಿಯನ್ನು ಹತ್ತು ಗಂಟೆಯಷ್ಟು ತಿರುಗಿಸಿ ಇಡುವುದು, ಬೆಳಿಗ್ಗೆ ಆರಕ್ಕೆ ಅದಾಗಿಯೇ ತೆರೆದುಕೊಳ್ಳುತ್ತದೆ. ಊಟ ಆದ ಮೇಲೆ ಕೈ ಸುಮ್ನೆ ಜೇಬಿಗೆ ಹೋಗುತ್ತಿತ್ತು, ಅಲ್ಲಿ ಏನೂ ಇಲ್ಲ. ಹತ್ತೂವರೆಗೆ ನಿದ್ದೆ. ಮೂರನೇ ದಿನ ಮಾತ್ರ ಒಂದು ಎಡವಟ್ಟಾಯಿತು. ಐದೂವರೆಗೆ ಅಲಾರಾಂ ಇಟ್ಟ ಫೋನನ್ನು ಹಾಗೇ ಒಳಗೆ ಹಾಕಿದ್ದೆ. ಅದು ಡಬ್ಬಿಯೊಳಗಿಂದ ಹೊಡೆದುಕೊಳ್ಳತೊಡಗಿತು, ನಿಲ್ಲಿಸುವ ಹಾಗಿಲ್ಲ, ಡಿಸ್‌ಪ್ಲೇಯಲ್ಲಿ ಇನ್ನೂ 30 ನಿಮಿಷ. ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಚ್ಚಲಿಗೆ ಒಯ್ದು ಬಕೆಟ್ ಕವುಚಿ ಹಾಕಿ ಬಂದೆ. ಅಮ್ಮ ಎದ್ದು ಬಂದು, "ಇದು ನೀನು ಉಪವಾಸ ಮಾಡುವುದಾ, ನಮ್ಮನ್ನು ಉಪವಾಸ ಕೆಡವುವುದಾ ಮಾರಾಯಾ?" ಅಂತ ಕೇಳಿದರು. ಆದ್ದರಿಂದ ಕೊಳ್ಳುವವರು ಒಂದು ಮಾಮೂಲಿ ಅಲಾರಾಂ ಗಡಿಯಾರವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆಮೇಲೆ ಬಂತು ಮಾರ್ಚ್ 22, ಶನಿವಾರ. ಐಪಿಎಲ್ ಮೊದಲ ಮ್ಯಾಚ್, ಕೋಲ್ಕತ್ತದಲ್ಲಿ, ನಮ್ಮ ಆರ್‌ಸಿಬಿಯದ್ದೇ. ಅವತ್ತು ಶೋಧನೆ ಜೋರಿರುತ್ತದೆ ಅಂತ ಗೊತ್ತಿದ್ದೇ ಸಂಜೆ ಆರೂವರೆಗೇ ಫೋನ್ ಒಳಗೆ ಹಾಕಿ ಹನ್ನೆರಡು ಗಂಟೆಯಷ್ಟು ತಿರುಗಿಸಿದೆ. ಎಷ್ಟು ಹೆಮ್ಮೆ ನೋಡಿ. ಟಿವಿಯಲ್ಲಿ ಮ್ಯಾಚ್ ನೋಡಲು ಅಡ್ಡಿ ಇರಲಿಲ್ಲ, ಅದನ್ನು ನಾನು ಬಿಟ್ಟಿರಲಿಲ್ಲ. ಆದರೆ ಟಾಸ್ ಆಯಿತು, ಎರಡೂ ತಂಡದ ಹನ್ನೊಂದರ ಪಟ್ಟಿ ಬಂತು, ತಂಡ ಕಟ್ಟಲು ಏಳೂವರೆವರೆಗೆ ಸಮಯ ಇದೆ ಅಂತ ತಲೆಯೊಳಗೆ ಯಾರೋ ಗಡಿಯಾರ ಹಿಡಿದು ನಿಂತರು. ಬೀರುವಿನಲ್ಲಿ ಒಂದು ಹಳೇ ಫೋನು ಬಿದ್ದಿತ್ತು, ಗಾಜು ಒಡೆದದ್ದು, ಸಿಮ್ ಇಲ್ಲದ್ದು. ಅದರಲ್ಲಿ ಆ್ಯಪ್ ಲಾಗಿನ್ ಆಗಿಯೇ ಇತ್ತು, ವ್ಯಾಲೆಟ್‌ನಲ್ಲಿ ಹೋದ ವರ್ಷದ 120 ರೂಪಾಯಿಯೂ ಇತ್ತು. ಇದೆಲ್ಲ ನನಗೆ ಆಗ ಥಟ್ ಅಂತ ಹೊಳೆಯಿತು ಅಂದರೆ ಸುಳ್ಳಾಗುತ್ತದೆ. ಡಬ್ಬಿ ಆರ್ಡರ್ ಮಾಡಿದ ದಿನವೇ ಮನಸ್ಸಿನ ಒಂದು ಮೂಲೆಗೆ ಅದು ಗೊತ್ತಿತ್ತು.

ಚಾರ್ಜ್ ಇರಲಿಲ್ಲ. ಅಡುಗೆಮನೆಯ ಮಿಕ್ಸಿ ಪ್ಲಗ್ಗಿಗೆ ಹಾಕಿ, ನೀರು ಕುಡಿಯುವವನ ಹಾಗೆ ನಿಂತುಕೊಂಡೇ, ಒಡೆದ ಗಾಜಿನ ಮೇಲೆ ಬೆರಳು ಉಜ್ಜಿ ಉಜ್ಜಿ ತಂಡ ಕಟ್ಟಿದೆ. ಕೊಹ್ಲಿ, ಸಾಲ್ಟ್ ಇಬ್ಬರನ್ನೂ ಹಾಕಿದ್ದೆ. ಇಬ್ಬರೂ ಅರ್ಧ ಶತಕ ಹೊಡೆದರು, ಆರ್‌ಸಿಬಿ 7 ವಿಕೆಟ್‌ನಿಂದ ಗೆದ್ದಿತು, ನನಗೆ 80 ರೂಪಾಯಿ ಬಂತು. ಸೋತಿದ್ದರೆ ಒಳ್ಳೆಯದಿತ್ತು ಅಂತ ಈಗ ಅನಿಸುತ್ತದೆ.

ಮಲಗುವ ಕೋಣೆಗೆ ಬಂದರೆ ಮೇಜಿನ ಮೇಲೆ ಡಬ್ಬಿ ತನ್ನ ಪಾಡಿಗೆ ತಾನು ಎಣಿಸುತ್ತಾ ಕೂತಿತ್ತು. ಒಂದು ನಿಮಿಷವನ್ನೂ ಬಿಟ್ಟಿರಲಿಲ್ಲ ಪಾಪ. ಅದರ ಕೆಲಸದಲ್ಲಿ ಒಂದು ತಪ್ಪಿಲ್ಲ. ಇದಕ್ಕೇ ಸ್ಟಾರ್ ಕತ್ತರಿಸುವಾಗ ನನಗೆ ಕೈ ಬರಲಿಲ್ಲ, ಅದು ಹೇಳಿದ್ದನ್ನು ಮಾಡಿದೆ, ನಾನು ಮಾಡಿಲ್ಲ.

ಇಲ್ಲಿ ಒಂದು ವಿಷಯ, ಇದೇ ಅಭ್ಯಾಸ ಇರುವವರಿಗೆ ಗೊತ್ತಿರುತ್ತದೆ. ಬೀಳುವುದು ಅರ್ಧ, ಬಿದ್ದ ಮೇಲಿನದ್ದು ಇನ್ನರ್ಧ. "ಹೇಗೂ ಕೆಟ್ಟಾಯಿತಲ್ಲ, ಇನ್ನು ಈಸ್ಟರ್ ಆದ ಮೇಲೆ ನೋಡೋಣ" ಅಂತ ಒಂದು ದನಿ ಬರುತ್ತದೆ. ಪ್ರಾರ್ಥನೆ ಮಾಡಲು ಮುಖ ಇರುವುದಿಲ್ಲ, ಎರಡು ದಿನ ಸರಿಯಾಗಿದ್ದು ಆಮೇಲೆ ಮಾಡೋಣ ಅನಿಸುತ್ತದೆ. ನಾನು ವರ್ಷಗಟ್ಟಲೆ ಮಾಡಿದ್ದು ಅದನ್ನೇ. ದೇವರ ಹತ್ತಿರ ಹೋಗಲು ಸ್ನಾನ ಮಾಡಿ ಹೋಗಬೇಕು ಅನ್ನುವ ತರಹ.

ಅವತ್ತು ರಾತ್ರಿ ಬೇರೆ ಏನೂ ಕೈಗೆ ಸಿಗಲಿಲ್ಲ, ಫೋನೂ ಇಲ್ಲ, ಅಮ್ಮನ ಹಳೇ ಸತ್ಯವೇದ, ಅಂದರೆ ಬೈಬಲ್, ಇತ್ತು. ಲೂಕನ ಸುವಾರ್ತೆಯ 22ನೇ ಅಧ್ಯಾಯ ತೆಗೆದೆ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ಕೋಳಿ ಕೂಗುವುದರೊಳಗೆ, ಶಿಷ್ಯ ಪೇತ್ರ ಮೂರು ಸಲ "ನಾನು ಅವನನ್ನು ಅರಿಯೆ" ಅನ್ನುವ ಅಧ್ಯಾಯ. ಅದರಲ್ಲಿ ಕೋಳಿ ಕೂಗುವುದಕ್ಕೆ ಎಷ್ಟೋ ಮುಂಚೆ, ನಿನ್ನ ಜೊತೆ ಸಾಯಲಿಕ್ಕೂ ಸಿದ್ಧ ಅಂತ ಪೇತ್ರ ಇನ್ನೂ ಜಂಬ ಕೊಚ್ಚುವುದಕ್ಕೂ ಮುಂಚೆ, ಯೇಸು ಅವನಿಗೆ ನಿನ್ನ ನಂಬಿಕೆ ಕುಂದದ ಹಾಗೆ ನಿನಗಾಗಿ ಬೇಡಿಕೊಂಡಿದ್ದೇನೆ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಅನ್ನುತ್ತಾನೆ. ತಿರುಗಿಕೊಂಡ ಮೇಲೆ! ಬೀಳುತ್ತಾನೆ ಅಂತ ಗೊತ್ತು, ಎದ್ದ ಮೇಲಿನ ಕೆಲಸವನ್ನೂ ಆಗಲೇ ಕೊಟ್ಟಾಗಿದೆ. ನೂರು ಸಲ ಕೇಳಿದ ಭಾಗ, ಈ ಸಾಲು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಕೂತಲ್ಲೇ ಪ್ರಾರ್ಥನೆ ಮಾಡಿದೆ, ನಾಳೆಯಿಂದ ಸರಿಯಾಗುತ್ತೇನೆ ಅನ್ನುವ ಮಾಮೂಲಿ ಸಾಲನ್ನು ಈ ಸಲ ಸೇರಿಸಲಿಲ್ಲ.

ಆಮೇಲೆ ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ಅವಳು ಕಣ್ಣು ಬಿಡದೆಯೇ, "ಗೊತ್ತು. ಚಟ್ನಿಗೆ ಮಿಕ್ಸಿ ಹಾಕಲಿಕ್ಕೆ ಆ ವೈರು ತೆಗೆದದ್ದೇ ನಾನು. ನೀವೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ" ಅಂದಳು. ಬೈಯಲಿಲ್ಲ. ಹೊದಿಕೆ ಅರ್ಧ ನನ್ನ ಕಡೆ ಎಳೆದು ಮಲಗಿದಳು. ಮರುದಿನ ಭಾನುವಾರ, ಚರ್ಚಿಗೆ ಹೋಗದೆ ತಪ್ಪಿಸಿಕೊಳ್ಳಬೇಕು ಅಂದುಕೊಂಡಿದ್ದವನು ಹೋದೆ. ಸೋಮವಾರ ಹಳೇ ಫೋನನ್ನು ರಿಪೇರಿ ಅಂಗಡಿಯವನಿಗೆ ಪಾರ್ಟ್ಸ್‌ಗೆ ಅಂತ ಕೊಟ್ಟುಬಂದೆ.

ಈಗ ಡಬ್ಬಿಯ ಬಗ್ಗೆ ನನ್ನ ತೀರ್ಮಾನ. ಬೈಬಲಿನಲ್ಲಿ ಗಲಾತ್ಯದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಧರ್ಮಶಾಸ್ತ್ರವನ್ನು, ಅಂದರೆ ಮೋಶೆಯ ಮೂಲಕ ಬಂದ ಕಟ್ಟಳೆಗಳನ್ನು, ಒಬ್ಬ ಆಳಿಗೆ ಹೋಲಿಸುತ್ತಾನೆ. ಆ ಕಾಲದ ಗ್ರೀಕರ, ರೋಮನ್ನರ ಮನೆಗಳಲ್ಲಿ ಹುಡುಗರನ್ನು ಪಾಠಕ್ಕೆ ಕರೆದುಕೊಂಡು ಹೋಗಿ ಬರಲು, ದಾರಿಯಲ್ಲಿ ಪುಂಡಾಟ ಮಾಡದ ಹಾಗೆ ಕಾಯಲು ಒಬ್ಬ ಗುಲಾಮ ಇರುತ್ತಿದ್ದ. ಅವನು ಮೇಷ್ಟ್ರಲ್ಲ. ಕೈ ಹಿಡಿದು ಮೇಷ್ಟ್ರ ಬಾಗಿಲಿಗೆ ಬಿಡುವವನು. ಡಬ್ಬಿ ಅಷ್ಟೇ. ತೀತನಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ, ಲೋಕದ ಆಸೆಗಳನ್ನು ಬೇಡ ಅನ್ನಲು ನಮಗೆ ಕಲಿಸುವುದು ದೇವರ ಕೃಪೆ ಅಂತ. ನಾನು ಕೃಪೆ ಅಂದರೆ ತಪ್ಪು ಮಾಡಿದ ಮೇಲೆ ಒರೆಸುವ ಬಟ್ಟೆ ಅಂತ ತಿಳಿದಿದ್ದೆ, ಮೇಷ್ಟ್ರ ಕೆಲಸವೂ ಅದರದ್ದೇ ಅಂತ ಗೊತ್ತಿರಲಿಲ್ಲ. ಆ ಮೇಷ್ಟ್ರು ಬಡಿಯುವುದಿಲ್ಲ, ಅದೇ ಕಷ್ಟ. ಬಡಿಯುವವರಿಂದ ತಪ್ಪಿಸಿಕೊಳ್ಳುವುದು ನನಗೆ ಚೆನ್ನಾಗಿ ಬರುತ್ತದೆ.

ಹಾಗಂತ ಆಳನ್ನು ಬಿಡಿಸಿ ಕಳಿಸಿಲ್ಲ. ಬೈಬಲಿನ ಕಥೆಯಲ್ಲಿ ಯಜಮಾನ ಪೋಟೀಫರನ ಹೆಂಡತಿ ಮಂಚಕ್ಕೆ ಕರೆದು ಬಟ್ಟೆ ಹಿಡಿದಾಗ ಯೋಸೇಫ ನಿಂತು ವಾದ ಮಾಡಲಿಲ್ಲ, ಬಟ್ಟೆ ಬಿಟ್ಟು ಓಡಿದ. ಓಡಲು ದಾರಿ ಇದ್ದರೆ ಓಡುವುದೇ ಸರಿ, ಡಬ್ಬಿ ಒಂದು ದಾರಿ. ಉಳಿದ ಲೆಂಟ್ ಪೂರ್ತಿ ಬಳಸಿದೆ, ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರದ ವಾರ ಇನ್ನೊಂದು ಸಲ ಜಾರಿದೆ, ಈ ಸಲ ಹೆಂಡತಿಯ ಫೋನು, ಅರ್ಧ ಗಂಟೆ ರೀಲ್ಸ್. ಅವಳಿಗೆ ಆಗಲೇ ಹೇಳಿದೆ, ಮರುದಿನ ಮತ್ತೆ ಎಂಟಕ್ಕೆ ಡಬ್ಬಿ. ಈಗ ಕೈ ತುರಿಸಿದಾಗ "ತುರಿಸುತ್ತಿದೆ" ಅಂತ ಅವಳಿಗೆ ಹೇಳಿಬಿಡುತ್ತೇನೆ, ಅವಳು ತೆಂಗಿನಕಾಯಿ ತುರಿಯಲು ಕೊಡುತ್ತಾಳೆ.

ಅದೇ ವರ್ಷದ ಆಗಸ್ಟ್‌ನಲ್ಲಿ ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕೇಂದ್ರದ ಕಾನೂನು ಬಂತು. ನನ್ನ 49 ರೂಪಾಯಿ ಆಟ ಅಲ್ಲಿಗೆ ಮುಗಿಯಿತು, ಒಳ್ಳೆಯದೇ ಆಯಿತು. ಆದರೆ ಸೆಪ್ಟೆಂಬರ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಬೇಡದ ಶೂ ಆರ್ಡರ್ ಮಾಡಿಕೊಂಡು ಕೂತಿದ್ದವನೂ ನಾನೇ.

ಉಳಿದ ವಿವರ ಬೇಗ ಹೇಳುತ್ತೇನೆ. ಹಿಂದೆ ಚಾರ್ಜರ್ ವೈರಿಗೆ ತೂತು ಇದೆ, ಅದರಿಂದ ಬೆರಳು ಹಾಕಿ ಸ್ಕ್ರೀನ್ ಮುಟ್ಟಲು ಆಗುವುದಿಲ್ಲ, ಪ್ರಯತ್ನಿಸಿದ್ದೇನೆ. ಬ್ಯಾಂಕ್ ಕೆಲಸ ಇದ್ದರೆ ಮೊದಲೇ ಮುಗಿಸಿ, ಓಟಿಪಿ ಡಬ್ಬಿಯೊಳಗೆ ಬರುತ್ತದೆ. ಮನೆಯಲ್ಲಿ ವಯಸ್ಸಾದವರು ಇದ್ದರೆ ತುರ್ತಿಗೆ ಇನ್ನೊಂದು ಫೋನ್ ಹೊರಗಿರಲಿ, ಅದು ನಿಮ್ಮ ಕೈಯಲ್ಲಿ ಬೇಡ. ಎರಡು ಪೆನ್ಸಿಲ್ ಸೆಲ್ ಬೇಕು, ಜೊತೆಗೆ ಬರುವುದಿಲ್ಲ. ನನಗೆ ನಾಲ್ಕು ತಿಂಗಳು ಬಂತು. ಸೆಲ್ ಮುಚ್ಚಳದ ಸ್ಕ್ರೂಗೆ ಸ್ಕ್ರೂ ಡ್ರೈವರ್ ಹುಡುಕುತ್ತಾ ಕೂರಬೇಡಿ, ಒಂದು ರೂಪಾಯಿ ನಾಣ್ಯ ಸಾಕು.