ಮೊಟ್ಟೆ ಪರೀಕ್ಷಿಸುವ ಕೈದೀಪ: ಎರಡು ವರ್ಷ ಬಳಸಿದ ಮೇಲೆ

ಮೊಟ್ಟೆಯೊಳಗೆ ಬೆಳಕು ಹಾಯಿಸಿ ನೋಡುವ ಈ ಎಲ್‌ಇಡಿ ಕೈದೀಪವನ್ನು ನಾನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ದೀಪ ಚೆನ್ನಾಗಿದೆ, ಆದರೆ ‘ಕಾವಿಗೆ ಇಡುವ ಮೊದಲೇ ಫಲಿತ ಮೊಟ್ಟೆಯನ್ನು ಗುರುತಿಸಿ’ ಎಂದು (ಫಲಿತ ಮೊಟ್ಟೆಯೆಂದರೆ ಹುಂಜ ಕೂಡಿದ್ದರಿಂದ ಮರಿಯಾಗಬಲ್ಲ ಮೊಟ್ಟೆ) ಅದರ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವ ಮಾತು ನಿಜವಲ್ಲ. ಕೊಳ್ಳುವವರಿಗೆ ಇದು ಮೊದಲೇ ಗೊತ್ತಿರಬೇಕು.

ನಾನು ಆ ಮಾತನ್ನು ನಂಬಿಯೇ ಕೊಂಡಿದ್ದೆ. ಮೊದಲ ಸಲ 24 ಮೊಟ್ಟೆಗಳನ್ನು ಕತ್ತಲೆ ಕೋಣೆಯಲ್ಲಿ ಒಂದೊಂದಾಗಿ ದೀಪದ ಮೇಲಿಟ್ಟು, ಹಳದಿಯ ನೆರಳು ದಟ್ಟವಾಗಿ ಕಂಡ 14ನ್ನು ಕಾವುಪೆಟ್ಟಿಗೆಗೆ ಇಟ್ಟು, ತಿಳಿಯಾಗಿ ಕಂಡ 10ನ್ನು ಅಡುಗೆಗೆಂದು ತೆಗೆದಿರಿಸಿದೆ. ಮರುದಿನ ಆ 10ನ್ನು ಬಟ್ಟಲಿಗೆ ಒಡೆದಾಗ, 8 ಮೊಟ್ಟೆಗಳ ಹಳದಿಯ ಮೇಲೆ ಫಲಿತ ಮೊಟ್ಟೆಯ ಗುರುತು ಎದ್ದು ಕಾಣುತ್ತಿತ್ತು. ಮರಿಯಾಗಬಹುದಾಗಿದ್ದ ಮೊಟ್ಟೆಗಳನ್ನು ನಾನೇ ಕೈಯಾರೆ ಬೇರೆ ಮಾಡಿದ್ದೆನೆಂಬ ಬೇಸರ ಇಂದಿಗೂ ಹೋಗಿಲ್ಲ.

ಆ ಗುರುತು ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪ್ರತಿ ಮೊಟ್ಟೆಯ ಹಳದಿಯ ಮೇಲೂ ಒಂದು ಬಿಳಿ ಚುಕ್ಕೆ ಇದ್ದೇ ಇರುತ್ತದೆ. ಹುಂಜ ಕೂಡದ ಕೋಳಿಯ ಮೊಟ್ಟೆಯಲ್ಲಿ ಅದು ಚಿಕ್ಕದಾಗಿ, ಗಟ್ಟಿ ಬಿಳುಪಾಗಿ, ಅಂಚು ಸೊಟ್ಟಪಟ್ಟವಾಗಿ, ಹಿಟ್ಟಿನ ಕಣವೊಂದು ಅಂಟಿಕೊಂಡಂತೆ ಕಾಣುತ್ತದೆ. ಫಲಿತ ಮೊಟ್ಟೆಯಲ್ಲಾದರೆ ಅದು ಸುಮಾರು 4 ಮಿಲಿಮೀಟರ್ ಅಗಲದ ದುಂಡನೆಯ ಬಿಲ್ಲೆ. ನಡುವೆ ಮಸುಕು, ಸುತ್ತ ತೆಳುವಾದ ಬಿಳಿ ಬಳೆ. ಮೊಟ್ಟೆ ಕೋಳಿಯ ದೇಹದೊಳಗೆ ರೂಪುಗೊಳ್ಳುವ ಸುಮಾರು 25 ಗಂಟೆಗಳಲ್ಲಿಯೇ ಭ್ರೂಣದ ಕೋಶಗಳು ಒಡೆದೊಡೆದು ಸಾವಿರಾರು ಆಗಿರುತ್ತವೆ. ಆ ಬಳೆ ಮೂಡುವುದು ಅದರಿಂದಲೇ. ಆದರೆ ಇಷ್ಟು ಸಣ್ಣ, ಇಷ್ಟು ತೆಳುವಾದ ಗುರುತು ಓಡಿನ ಹೊರಗಿನಿಂದ ಕಾಣುವುದಿಲ್ಲ, ದೀಪ ಎಷ್ಟೇ ಪ್ರಖರವಾಗಿರಲಿ. ನೀರಿನಲ್ಲಿ ತೇಲಿಸಿ ನೋಡುವುದೂ ಮೊಟ್ಟೆ ಎಷ್ಟು ಹಳೆಯದು ಎಂಬುದನ್ನಷ್ಟೇ ತಿಳಿಸುತ್ತದೆ.

ಆದ್ದರಿಂದ ಈಗ ನಾನು ಕಾವಿಗೆ ಇಡುವ ಮೊದಲು ಅದೇ ಗುಂಪಿನ ಮೂರ್ನಾಲ್ಕು ಮೊಟ್ಟೆಗಳನ್ನು ಒಡೆದು ನೋಡುತ್ತೇನೆ. ಎಲ್ಲದರಲ್ಲೂ ಬಳೆ ಕಂಡರೆ ಹುಂಜ ತನ್ನ ಕೆಲಸ ಮಾಡುತ್ತಿದೆ ಎಂದು ಧೈರ್ಯ ತಾಳಬಹುದು, ಆದರೆ ಉಳಿದ ಒಂದೊಂದು ಮೊಟ್ಟೆಯ ಬಗ್ಗೆಯೂ ಅದು ಭರವಸೆ ಕೊಡುವುದಿಲ್ಲ. ಹುಂಜವನ್ನು ಬೇರೆ ಮಾಡಿದ ಮೇಲೂ ಹತ್ತು ದಿನಗಳಿಗಿಂತ ಹೆಚ್ಚು ಕಾಲ ಫಲಿತ ಮೊಟ್ಟೆಗಳು ಬರಬಹುದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಾದರೆ ದೀಪ ಯಾತಕ್ಕೆ? ಕಾವಿಗೆ ಇಡುವ ಮೊದಲು, ಬರಿಗಣ್ಣಿಗೆ ಕಾಣದ ಕೂದಲೆಳೆ ಬಿರುಕು, ಎರಡು ಹಳದಿ, ಜಾಗ ಬಿಟ್ಟು ಸರಿದ ಗಾಳಿಕೋಶ (ದಪ್ಪ ತುದಿಯಲ್ಲಿ ಓಡಿನೊಳಗಿರುವ ಗಾಳಿಯ ಜಾಗ) ಇವುಗಳನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ. ಕಾವು ಕೊಟ್ಟ ಮೇಲಂತೂ ಅದರ ಉಪಯೋಗ ಇನ್ನೂ ದೊಡ್ಡದು. 37.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನಾಲ್ಕೈದು ದಿನ ಕಳೆದ ಬಿಳಿ ಓಡಿನ ಮೊಟ್ಟೆಯ ದಪ್ಪ ತುದಿಗೆ ದೀಪ ಹಿಡಿದರೆ, ಒಂದು ಕಪ್ಪು ಚುಕ್ಕೆ ಮತ್ತು ಅದರಿಂದ ಸುತ್ತಲೂ ಹರಡಿದ ಕೆಂಪು ಎಳೆಗಳು ಕಾಣುತ್ತವೆ. ಕೈ ಅಲುಗಿಸದೆ ಒಂದರೆ ಗಳಿಗೆ ಕಾದರೆ ಆ ಚುಕ್ಕೆ ಮೆಲ್ಲಗೆ ಮಿಸುಕುವುದೂ ಕಾಣುತ್ತದೆ. ಎಷ್ಟು ಸಲ ನೋಡಿದರೂ ನನಗೆ ಆ ಸಂತೋಷ ಹಳತಾಗಿಲ್ಲ.

ಕಂದು ಓಡಿನ ಮೊಟ್ಟೆಗಳ ವಿಷಯದಲ್ಲಿ ದೀಪ ಸೋಲುತ್ತದೆ. ನಾಲ್ಕನೆಯ ದಿನ ಮಬ್ಬು ಕೆಂಪು ಬಿಟ್ಟು ಬೇರೇನೂ ಕಾಣದು. ಏಳನೆಯ ದಿನದವರೆಗೆ, ಗಾಢ ಬಣ್ಣದವಕ್ಕೆ ಹತ್ತನೆಯ ದಿನದವರೆಗೂ ಕಾಯುವುದು ಲೇಸು. ಆಗಲೂ ಪೂರ್ತಿ ತಿಳಿಯಾಗಿರುವುದನ್ನು ಗೊಡ್ಡು ಮೊಟ್ಟೆಯೆಂದು ಒಮ್ಮೆಲೇ ತೀರ್ಮಾನಿಸಬಾರದು. ಮೊದಲ ಒಂದೆರಡು ದಿನಗಳಲ್ಲಿಯೇ ಭ್ರೂಣ ಸತ್ತಿದ್ದರೂ ಹೊರಗಿನಿಂದ ಹಾಗೆಯೇ ಕಾಣುತ್ತದೆ. ಒಳಗೆ ಕೆಂಪು ಉಂಗುರವೊಂದೇ ಉಳಿದಿದ್ದರೆ, ರಕ್ತನಾಳಗಳು ಮೂಡಿದ ಮೇಲೆ ಅದು ಸತ್ತಿದೆ ಎಂದರ್ಥ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಮೊಟ್ಟೆ ಫಲಿತವಾಗದಿದ್ದರೆ ಹುಂಜದ ಕಡೆ ನೋಡಬೇಕು, ಫಲಿತವಾಗಿ ಸತ್ತಿದ್ದರೆ ಮೊಟ್ಟೆ ಕೂಡಿಟ್ಟ ರೀತಿಯನ್ನೋ ಕಾವುಪೆಟ್ಟಿಗೆಯ ಶಾಖವನ್ನೋ ನೋಡಬೇಕು.

ದೀಪದ ಕಟ್ಟುಮಟ್ಟಿನ ಬಗ್ಗೆ ಹೇಳುವುದು ಕಡಿಮೆ. ಬೆಳಕು ಓಡನ್ನು ಬಿಸಿ ಮಾಡುವುದಿಲ್ಲ. ಮೊಟ್ಟೆ ಕೂರುವ ರಬ್ಬರ್ ಬಳೆ ಒಂದೂವರೆ ವರ್ಷಕ್ಕೆ ಗಡುಸಾಗಿ ಅಂಚಿನಲ್ಲಿ ಬೆಳಕು ಸೋರತೊಡಗಿತು. ಕಪ್ಪು ಬಟ್ಟೆಯ ಸುರುಳಿ ಸುತ್ತಿ ಸರಿಪಡಿಸಿಕೊಂಡಿದ್ದೇನೆ. ಬ್ಯಾಟರಿ ಇಳಿಯುತ್ತಿದ್ದಂತೆ ಬೆಳಕು ತಿಳಿಯದಂತೆ ಮಂಕಾಗುತ್ತದೆ, ಹಾಗಾಗಿ ಪ್ರತಿ ಪರೀಕ್ಷೆಗೂ ಮುನ್ನ ಪೂರ್ತಿ ಚಾರ್ಜ್ ಮಾಡಿಕೊಳ್ಳುವುದು ಒಳ್ಳೆಯದು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಡಿದ ಒಂದು ಅಂಕ ಪೆಟ್ಟಿಗೆಯ ಮೇಲಿನ ಆ ಮಾತಿಗೆ.