ಆರು ವರ್ಷ ಬಳಸಿದ ಮೇಲೆ ಯೂನಿವರ್ಸಲ್ ಆಡಿಯೋ 2-610 ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಎಲ್ಲಾ ಕೆಲಸಕ್ಕೂ ಆಗುವ ಪ್ರಿಆಂಪ್ (ಮೈಕಿನಿಂದ ಬರುವ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಡಬ್ಬಿ) ಅಲ್ಲ. ಹಾಡುವ ಗಂಟಲಿಗೆ ಹೇಳಿ ಮಾಡಿಸಿದ್ದು. ಧಾರವಾಡದಲ್ಲಿ ನಮ್ಮ ಮನೆಯ ಮೇಲಿನ ಕೋಣೆಯೇ ನನ್ನ ಸ್ಟುಡಿಯೋ. ಖಯಾಲ್, ವಚನ, ದಾಸರ ಪದ, ಭಾವಗೀತೆ, ಹೆಚ್ಚಾಗಿ ಇಷ್ಟೇ ರೆಕಾರ್ಡ್ ಮಾಡುತ್ತೇನೆ. ಆರು ವರ್ಷದಿಂದ ಇಲ್ಲಿ ಹಾಡಿದ ಪ್ರತಿಯೊಂದು ದನಿಯೂ ಈ ಡಬ್ಬಿಯ ಮೂಲಕವೇ ಹೋಗಿದೆ.

ಇದರ ಮೂಲ ಹಾಲಿವುಡ್‌ನ ರೆಕಾರ್ಡಿಂಗ್ ಎಂಜಿನಿಯರ್ ಬಿಲ್ ಪಟ್ನಮ್ ಅವರ 610 ಕನ್ಸೋಲ್, ಅಂದರೆ ಸ್ಟುಡಿಯೋದ ದೊಡ್ಡ ಮಿಕ್ಸರ್. ಅದರಲ್ಲಿ ಒಂದೊಂದು ಚಾನಲ್ಲೂ ಬಿಡಿ ಮಾಡ್ಯೂಲ್, ಟ್ಯೂಬ್ (ಹಳೇ ರೇಡಿಯೋದ ಗಾಜಿನ ವಾಲ್ವ್) ಆಂಪ್ ಮತ್ತು ದನಿಯ ದಪ್ಪ-ಚೂಪು ಹೊಂದಿಸುವ ಇಕ್ವಲೈಸರ್ (ಇಕ್ಯೂ) ಎರಡೂ ಅದರೊಳಗೇ. ಅಂಥ ಎರಡು ಚಾನಲ್‌ಗಳನ್ನು ಒಂದೇ ರ‍್ಯಾಕ್ ಡಬ್ಬಿಗೆ ಹಾಕಿದರೆ 2-610. ಮೀಟರ್ ಇಲ್ಲ, ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಇಲ್ಲ, ಕೆಳಗಿನ ಗುಡುಗುಡು ಸದ್ದು ಕತ್ತರಿಸುವ ಫಿಲ್ಟರ್ ಕೂಡ ಇಲ್ಲ. ಮುಂದುಗಡೆ ದೊಡ್ಡ ದೊಡ್ಡ ನಾಬ್‌ಗಳು, ಅಷ್ಟೇ.

ನಾನು ಸೆಕೆಂಡ್ ಹ್ಯಾಂಡ್ ತಗೊಂಡೆ. ಅಮೆರಿಕದಿಂದ ಬಂದ ಪೀಸ್. ನೀವೂ ಹಾಗೆ ತರಿಸಿದರೆ ಯಾವ ವೋಲ್ಟೇಜಿಗೆ ಸೆಟ್ ಆಗಿದೆ ಅಂತ ನೋಡದೆ ಪ್ಲಗ್ ಹಾಕಬೇಡಿ. ನಮ್ಮಲ್ಲಿ 230, ಅಲ್ಲಿ ಅದರ ಅರ್ಧ.

ಮೊದಲ ವಾರ ಬರೀ ಗುಂಯ್ ಅನ್ನುವ ಹಮ್. ಡಬ್ಬಿಯೇ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸಲು ಪ್ಯಾಕ್ ಕೂಡ ಮಾಡಿದ್ದೆ. ಕೊನೆಗೆ ಗೆಳೆಯನ ಮನೆಗೆ ಒಯ್ದು ಹಾಕಿ ನೋಡಿದರೆ ಸದ್ದೇ ಇಲ್ಲ! ತಪ್ಪು ನಮ್ಮ ಮನೆಯ ಅರ್ಥಿಂಗ್‌ನದು. ಹಿತ್ತಲಿನ ಪೈಪಿಗೆ ಬಂದಿದ್ದ ತಂತಿ ತುಕ್ಕು ಹಿಡಿದು ಯಾವಾಗಲೋ ಬಿಟ್ಟುಹೋಗಿತ್ತು. ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಹೊಸ ತಂತಿ ಎಳೆಸಿದ ಮೇಲೆ ಹಮ್ ಹೋಯಿತು. ಅರ್ಥ್ ಪಿನ್ ತೆಗೆದುಬಿಡಿ, ಸದ್ದು ನಿಲ್ಲುತ್ತೆ ಅಂತ ಒಬ್ಬರು ಹೇಳಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಟ್ಯೂಬ್ ಇರುವ ಸಾಮಾನಿನ ಒಳಗೆ ಓಡಾಡುವುದು ಜೀವ ತೆಗೆಯುವಷ್ಟು ವೋಲ್ಟೇಜ್.

ಈಗ ಮುಖ್ಯ ವಿಷಯ. ಪ್ರತಿ ಚಾನಲ್‌ಗೆ ಗೇನ್ ಅಂತ ಒಂದು ಸ್ವಿಚ್, ಲೆವೆಲ್ ಅಂತ ಒಂದು ದೊಡ್ಡ ನಾಬ್. ಗೇನ್ -10 ರಿಂದ +10 ವರೆಗೆ, 5 ಡಿಬಿಗೆ (ಡೆಸಿಬೆಲ್, ದನಿಯ ಮಟ್ಟದ ಅಳತೆ) ಒಂದು ಮೆಟ್ಟಿಲು. ಎರಡು ವರ್ಷ ನಾನು ಎರಡನ್ನೂ ಸುಮ್ನೆ ವಾಲ್ಯೂಮ್ ಅಂತಲೇ ತಿರುಗಿಸುತ್ತಿದ್ದೆ. ಅದು ಹಾಗಲ್ಲ. ಆಂಪ್ ತನ್ನ ಔಟ್‌ಪುಟ್‌ನ ಸ್ವಲ್ಪ ಭಾಗವನ್ನು ಉಲ್ಟಾ ಮಾಡಿ ಒಳಗೆ ವಾಪಸ್ ತಗೊಂಡು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಅದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಅನ್ನುತ್ತಾರೆ. ಗೇನ್ ಸ್ವಿಚ್ ಏರಿಸಿದಷ್ಟೂ ಈ ತಿದ್ದುವಿಕೆ ಕಡಿಮೆಯಾಗಿ ಟ್ಯೂಬಿನ ಸ್ವಭಾವ ಹೊರಗೆ ಬರುತ್ತದೆ. ಗೇನ್ ಜಾಸ್ತಿ, ಲೆವೆಲ್ ಕಡಿಮೆ ಇಟ್ಟರೆ ದನಿ ದಪ್ಪ, ಸ್ವಲ್ಪ ಒರಟು. ಗೇನ್ ಕಡಿಮೆ ಮಾಡಿ ಲೆವೆಲ್ ಏರಿಸಿದರೆ ಅದೇ ದನಿ ತಿಳಿ. ಒಂದೇ ಡಬ್ಬಿಯಲ್ಲಿ ನಾಲ್ಕೈದು ಬೇರೆ ಬೇರೆ ಪ್ರಿಆಂಪ್ ಇದ್ದ ಹಾಗೆ.

ಇದೇ ಜಾಗದಲ್ಲಿ ನಾನು ಎಡವಿದ್ದು ಕೂಡ. ಕಾಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವ ಹಿರಿಯರೊಬ್ಬರು ಬಂದಿದ್ದರು. ಮಂದ್ರದಲ್ಲಿ ಅವರ ದನಿ ಗೇನ್ +10 ರಲ್ಲಿ ಎಷ್ಟು ತುಂಬಿ ಬಂತೆಂದರೆ ನಾನು ಬೇರೆ ಏನೂ ಯೋಚಿಸಲಿಲ್ಲ. ಲೆವೆಲ್ ಕೆಳಗಿತ್ತು, ಹಾಗಾಗಿ ಕಂಪ್ಯೂಟರ್‌ನಲ್ಲಿ ಕೆಂಪು ದೀಪ ಒಮ್ಮೆಯೂ ಹತ್ತಲಿಲ್ಲ. ಮುಗಿದ ಮೇಲೆ ಕೇಳಿದರೆ ತಾರ ಷಡ್ಜದ ಪ್ರತಿಯೊಂದು ನಿಲುಗಡೆಯೂ ಹರಿದಿತ್ತು. ಮೊದಲ ಟ್ಯೂಬಿನಲ್ಲೇ ದನಿ ಒಡೆದಿತ್ತು, ಅದನ್ನು ತೋರಿಸಲು ಡಬ್ಬಿಯಲ್ಲಿ ಮೀಟರ್ ಇಲ್ಲ. ನಲವತ್ತು ನಿಮಿಷದ ವಿಲಂಬಿತ್ (ನಿಧಾನ ಲಯದ ಖಯಾಲ್) ಹೋಯಿತು. "ಇರಲಿ ಬಿಡು ತಮ್ಮಾ, ನಾಳೆ ಮತ್ತ ಹಾಡಿದ್ರಾತು" ಅಂದರು ಅವರು. ಹಾಡಿದರು ಕೂಡ, ಆದರೆ ಆ ಮೊದಲ ದಿನದ ಬಡತ್ (ರಾಗವನ್ನು ಹಂತ ಹಂತವಾಗಿ ಬೆಳೆಸುವ ರೀತಿ) ಬೇರೆಯೇ ಇತ್ತು, ಅದು ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಅಂದಿನಿಂದ ಯಾರೇ ಬರಲಿ, ಮೊದಲು ಅವರ ಎತ್ತರದ ಸ್ವರ ಪೂರ್ತಿ ಗಂಟಲಿನಲ್ಲಿ ಹಾಡಿಸಿ, ಹೆಡ್‌ಫೋನ್‌ನಲ್ಲಿ ಕೇಳಿ, ಆಮೇಲೆ ಗೇನ್ ಇಡುತ್ತೇನೆ.

ಇಕ್ಯೂ ವಿಷಯಕ್ಕೆ ಬಂದರೆ, ಎರಡೇ ಬ್ಯಾಂಡ್, ಎರಡೂ ಶೆಲ್ಫ್, ಅಂದರೆ ಆರಿಸಿದ ಜಾಗದಿಂದಾಚೆಗೆ ಇರುವುದನ್ನೆಲ್ಲ ಒಟ್ಟಿಗೆ ಏರಿಸುವ ಇಳಿಸುವ ಬಗೆ. ಕೆಳಗೆ 70, 100, 200 ಹರ್ಟ್ಜ್. ಮೇಲೆ 4.5, 7, 10 ಕಿಲೋಹರ್ಟ್ಜ್. ಏರಿಸುವುದು ಇಳಿಸುವುದು ಮೆಟ್ಟಿಲಲ್ಲಿ: 1.5, 3, 4.5, 6, ಆಮೇಲೆ ನೇರ 9 ಡಿಬಿ. ನಡುವಿನ ಬ್ಯಾಂಡ್ ಇಲ್ಲವೇ ಇಲ್ಲ. ಮೂಗಿನ ದನಿ ಜಾಸ್ತಿ ಬರುತ್ತಿದ್ದರೆ ಈ ಡಬ್ಬಿಯಿಂದ ಏನೂ ಮಾಡಲಾಗದು, ಎದ್ದು ಹೋಗಿ ಮೈಕ್ ಸರಿಸಬೇಕು. ಬಾಯಿಯ ನೇರದಿಂದ ನಾಲ್ಕು ಬೆರಳು ಕೆಳಗೆ ಇಳಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ನನಗಂತೂ ಇದು ಕೊರತೆ ಅನ್ನಿಸಿಲ್ಲ, ಯಾಕೆಂದರೆ ರೆಕಾರ್ಡ್ ಆಗುವಾಗಲೇ ಹಾಕಿದ ಇಕ್ಯೂ ಹಾಕಿದಂತೆಯೇ ಉಳಿಯುತ್ತದೆ, ಅಲ್ವಾ? ಅಲ್ಲಿ 3 ಡಿಬಿಗಿಂತ ಜಾಸ್ತಿ ನಾನು ಏರಿಸುವುದೇ ಇಲ್ಲ.

ಆದರೆ ಆ ಸಣ್ಣ ಮೆಟ್ಟಿಲುಗಳ ಕೆಲಸ ನೋಡಿ. ತಂಬೂರಿಗೆ 10 ಕಿಲೋಹರ್ಟ್ಜ್‌ನಲ್ಲಿ ಬರೀ 1.5 ಡಿಬಿ ಏರಿಸಿದರೆ ಜವಾರಿಯ (ತಂತಿಯ ಝೇಂಕಾರದ) ಎಳೆ ಎಳೆಯೂ ಬಿಡಿಸಿಕೊಂಡು ಬರುತ್ತದೆ, ಕಿವಿಗೆ ಚುಚ್ಚುವುದಿಲ್ಲ. ಹಾರ್ಮೋನಿಯಂನ ರೀಡ್ ಕಿರುಚಿದರೆ 4.5 ರಲ್ಲಿ 3 ಇಳಿಸುತ್ತೇನೆ. ತಿದಿಯ ಧಡ್ ಧಡ್ ಇದ್ದರೆ 200 ರಲ್ಲಿ ಇನ್ನೊಂದು 3. ಹೊರಗೆ ಲಾರಿ ಹೋದಾಗ ಬರುವ ಗುಡುಗುಡುಗೆ ಮಾತ್ರ 70 ರಲ್ಲಿ 9 ಇಳಿಸಿದರೂ ಸಾಕಾಗುವುದಿಲ್ಲ. ಅದಕ್ಕೆ ನಿಜವಾದ ಫಿಲ್ಟರ್ರೇ ಬೇಕು, ಕಂಪ್ಯೂಟರ್‌ನಲ್ಲಿ ಹಾಕುತ್ತೇನೆ.

ಮೈಕಿಗೆ 500 ಓಮ್, 2000 ಓಮ್ ಅಂತ ಎರಡು ಇಂಪೀಡೆನ್ಸ್ (ಮೈಕಿಗೆ ಎದುರಾಗುವ ವಿದ್ಯುತ್ ತಡೆ) ಆಯ್ಕೆ ಇದೆ. ಬರೀ ಅಲಂಕಾರ ಅಂದುಕೊಳ್ಳಬೇಡಿ. ಶ್ಯೂರ್ ಎಸ್‌ಎಂ57 ಮೈಕ್ ಹಾಕಿ ಎರಡಕ್ಕೂ ತಿರುಗಿಸಿ ಕೇಳಿ, 500 ರಲ್ಲಿ ಅದರ ಮೇಲಿನ ಚೂಪು ಕಡಿಮೆಯಾಗುತ್ತದೆ. ರಿಬ್ಬನ್ ಮೈಕಿಗೆ 2000 ವಾಸಿ. ಗಿಟಾರಿಗೂ ಬೇರೆ ಇನ್‌ಪುಟ್ ಇದೆ, ನಾನು ಅಪರೂಪಕ್ಕೆ ಬಳಸಿದ್ದು.

ಎಲ್ಲಾ ಸೇರಿ ಈ ಡಬ್ಬಿ ಏರಿಸಿಕೊಡುವುದು ಹೆಚ್ಚೆಂದರೆ 61 ಡಿಬಿ. ಕಂಡೆನ್ಸರ್ ಮೈಕಿಗೆ ಬೇಕಾದಷ್ಟಾಯಿತು. ಎಸ್‌ಎಂ7ಬಿಯಂಥ ಮೆಲ್ಲಗಿನ ಮೈಕಿನಲ್ಲಿ ಮೆಲ್ಲಗೆ ಮಾತಾಡುವವರಿಗೆ ಪೂರ್ತಿ ಏರಿಸಿದರೂ ಸಾಲದು, ಆಗ ಟ್ಯೂಬಿನ ಸುಯ್ ಸದ್ದೂ ಕೇಳುತ್ತದೆ. ತಬಲಾಕ್ಕೆ ಇದನ್ನು ಬಿಟ್ಟೇಬಿಟ್ಟೆ. ಗೇನ್ -10 ರಲ್ಲಿಟ್ಟರೂ ಚಾಟಿಯ (ತಬಲಾದ ಅಂಚಿನ) ಪೆಟ್ಟಿನ ಚೂಪು ಮೊಂಡಾಗುತ್ತದೆ ಅಂತ ನನ್ನ ಕಿವಿಗೆ ಅನ್ನಿಸಿತು. ಕಂಪ್ಯೂಟರಿಗೆ ದನಿ ಕಳಿಸುವ ಇಂಟರ್‌ಫೇಸ್‌ನದೇ ಸಾದಾ ಪ್ರಿಆಂಪ್ ತಬಲಾಕ್ಕೆ ಚೆನ್ನಾಗಿದೆ.

ನಾಲ್ಕನೇ ವರ್ಷ ಎರಡನೇ ಚಾನಲ್‌ನಲ್ಲಿ ಚಿಟಿಚಿಟಿ ಶುರುವಾಯಿತು. ಒಂದು ರಿಪೇರಿ ಅಂಗಡಿಯವರು ಬೋರ್ಡೇ ಬದಲಿಸಬೇಕು ಅಂತ ದೊಡ್ಡ ಮೊತ್ತ ಹೇಳಿದರು. ಮನಸ್ಸೊಪ್ಪದೆ, ಟ್ಯೂಬ್ ಆಂಪ್ ಕೆಲಸ ಗೊತ್ತಿರುವ ಇನ್ನೊಬ್ಬರ ಹತ್ತಿರ ಹೋದೆ. ಅವರು ಮಾಡಿದ್ದು ಇಷ್ಟೇ: ಎರಡೂ ಚಾನಲ್‌ನ 12ಎಎಕ್ಸ್7 ಟ್ಯೂಬ್‌ಗಳನ್ನು ಅದಲುಬದಲು ಮಾಡಿದರು. ಸದ್ದು ಟ್ಯೂಬಿನ ಜೊತೆಗೇ ಒಂದನೇ ಚಾನಲ್‌ಗೆ ಹೋಯಿತು. ಒಂದು ಟ್ಯೂಬ್ ಬದಲಿಸಿದೆವು, ಮುಗಿಯಿತು. ಯಾರು ಮಾಡಿದ ಟ್ಯೂಬೇ ಆಗಲಿ, ಒಂದು ದಿನ ಸವೆಯುತ್ತದೆ, ಒಂದು ಜೊತೆ ತಂದಿಟ್ಟುಕೊಳ್ಳಿ. ಬದಲಿಸುವುದನ್ನು ಮಾತ್ರ ಗೊತ್ತಿರುವವರಿಂದಲೇ ಮಾಡಿಸಿ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟು ನಿಂತಿರುತ್ತದೆ. ಡಬ್ಬಿಯ ಮೇಲೆ ಗಾಳಿಯಾಡಲು ಜಾಗವನ್ನೂ ಬಿಡಿ. ಏಪ್ರಿಲ್ ತಿಂಗಳಲ್ಲಿ ಮೇಲೆ ಕೈ ಇಟ್ಟರೆ ಗೊತ್ತಾಗುತ್ತದೆ.

ಎರಡು ಚಾನಲ್ ಬೇಕೇ ಅಂತ ಎಷ್ಟೋ ಜನ ಕೇಳಿದ್ದಾರೆ. ಹಾಡುವವರೇ ಹಾರ್ಮೋನಿಯಂ ನುಡಿಸುವಾಗ, ಇಲ್ಲ ತಂಬೂರಿ ಪಕ್ಕದಲ್ಲೇ ಇರುವಾಗ ಒಂದರ ಮೈಕಿಗೆ ಇನ್ನೊಂದರ ದನಿ ಸೋರಿಯೇ ಸೋರುತ್ತದೆ. ಎರಡೂ ಒಂದೇ ಬಗೆಯ ಪ್ರಿಆಂಪ್‌ನಿಂದ ಬಂದರೆ ಆ ಸೋರಿದ ದನಿ ಹಾಡಿನ ಜೊತೆ ಹೊಂದಿಕೊಂಡು ಕೂರುತ್ತದೆ. ಪೊಲ್ಯಾರಿಟಿ (ಸಿಗ್ನಲ್ ಉಲ್ಟಾ ಮಾಡುವ) ಸ್ವಿಚ್ ಒತ್ತಿ ನೋಡಿ, ಯಾವ ಕಡೆ ದನಿ ತುಂಬಿಕೊಳ್ಳುತ್ತದೋ ಅಲ್ಲಿ ಬಿಡಿ. ಒಂದೇ ಚಾನಲ್ ಸಾಕಾದರೆ ಸೋಲೋ/610 ಇದೆ, ಅದರಲ್ಲಿ ಇಕ್ಯೂ ಇಲ್ಲ. ಎಲ್‌ಎ-610 ರಲ್ಲಿ ಇದೇ ಇಕ್ಯೂ ಜೊತೆಗೆ ಕಂಪ್ರೆಸರ್ ಕೂಡ ಇದೆ.

ಹಳೇ ಪೀಸ್ ನೋಡಲು ಹೋಗುವುದಾದರೆ ನಿಮ್ಮದೇ ಮೈಕ್, ನಿಮ್ಮದೇ ಹೆಡ್‌ಫೋನ್ ಒಯ್ಯಿರಿ. ಆನ್ ಮಾಡಿ ಇಪ್ಪತ್ತು ನಿಮಿಷ ಬಿಸಿಯಾಗಲು ಬಿಡಿ. ಆಮೇಲೆ ಪ್ರತಿ ಸ್ವಿಚ್ಚನ್ನೂ ಎರಡೆರಡು ಸಲ ತಿರುಗಿಸಿ ಕರಕರ ಕೇಳುತ್ತದಾ ನೋಡಿ, ಎರಡು ಚಾನಲ್‌ನಲ್ಲೂ ಒಂದೇ ಸಾಲನ್ನು ಹಾಡಿಸಿ ಹೋಲಿಸಿ. ಮಾರುವವರು ಅಷ್ಟು ಹೊತ್ತು ಕೊಡದಿದ್ದರೆ ಬಿಟ್ಟು ಬನ್ನಿ.